ಶಿವಮೊಗ್ಗದಲ್ಲಿ ತೋಟದ ಮಣ್ಣು ಟೆಸ್ಟ್ ಮಾಡ್ಸಿದ್ದು: ಸರ್ವಿಸ್ ಚೆನ್ನಾಗಿದೆ, ತಾಮ್ರದ ವಿಷಯ ಮಾತ್ರ ಅರ್ಧಕ್ಕೇ ಬಿಟ್ಟಿದ್ದಾರೆ

ಐದಕ್ಕೆ ಮೂರು ಸ್ಟಾರ್. ಲ್ಯಾಬಿನ ಹೆಸರು ಬೇಡ, ಜನ ಒಳ್ಳೆಯವ್ರೇ. ಕೌಂಟರಲ್ಲಿದ್ದ ಹುಡುಗಿ ಸ್ಯಾಂಪಲ್ ತಗೊಳ್ಳೋ ಮುಂಚೆನೇ ಎಲ್ಲಿಂದ ತೆಗ್ದ್ರಿ, ಗೊಬ್ಬರ ಹಾಕಿ ಎಷ್ಟು ದಿನ ಆಯ್ತು, ಕಬ್ಬಿಣದ ಗುದ್ದಲಿನಾ ಮರದ ಕೋಲಾ ಅಂತ ಎಲ್ಲಾ ಕೇಳಿದ್ಲು, ಸತು ತಾಮ್ರ ನೋಡ್ಬೇಕಾದ್ರೆ ಮಣ್ಣಿಗೆ ಲೋಹ ತಾಗ್ಬಾರದು. ಫೀಸ್ ಕಮ್ಮಿ, ರಿಪೋರ್ಟ್ ಕನ್ನಡದಲ್ಲೇ, ಹೇಳಿದ್ದಕ್ಕಿಂತ ಸ್ವಲ್ಪ ಲೇಟು ಅಷ್ಟೇ.

ಮಣ್ಣು ಹುಳಿ ಅಂತ ಬಂತು, ಮಲ್ನಾಡಿನ ಮಳೆಗೆ ಅದು ಮಾಮೂಲಿ, ಎಷ್ಟು ಸುಣ್ಣ ಹಾಕ್ಬೇಕು ಅಂತ್ಲೂ ಬರ್ದಿದ್ದಾರೆ.

ಬೇಜಾರಾಗಿದ್ದು ತಾಮ್ರದ ಸಾಲು ನೋಡಿ. ಬರೀ ‘ಸಾಕಷ್ಟಿದೆ’ ಅಂತ ಇದೆ. 0.2 ಪಿಪಿಎಂಗಿಂತ (ಅಂದ್ರೆ ಕೆಜಿ ಮಣ್ಣಿಗೆ 0.2 ಮಿಲಿಗ್ರಾಂ) ಕಮ್ಮಿ ಇದ್ರೆ ಕೊರತೆ, ಅದ್ರ ಮೇಲೆ ಎಷ್ಟೇ ಇದ್ರೂ ಅದೇ ಒಂದು ಮಾತು, ಜಾಸ್ತಿ ಆಗಿದೆ ಅನ್ನೋಕೆ ಕಾಲಮ್ಮೇ ಇಲ್ಲ. ಅಡಿಕೆ ಬೆಳೆಯೋ ಊರಲ್ಲಿ ಇದು ಸರಿನಾ? ಕೊಳೆ ರೋಗಕ್ಕೆ ಅಜ್ಜನ ಕಾಲದಿಂದ ಬೋರ್ಡೋ ದ್ರಾವಣ ಹೊಡೀತಿದೀವಿ, 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ 1 ಕೆಜಿ ಸುಣ್ಣ, ಮಳೆ ಹಿಡಿಯೋ ಮುಂಚೆ ಒಂದ್ಸಲ, 40-45 ದಿನ ಬಿಟ್ಟು ಇನ್ನೊಂದ್ಸಲ, ಮಳೆ ಬಿಡ್ಲಿಲ್ಲ ಅಂದ್ರೆ ಮೂರನೇದೂ. ಮೈಲುತುತ್ತದಲ್ಲಿ ಕಾಲು ಭಾಗ ತಾಮ್ರ, ಕೆಜಿಗೆ 250 ಗ್ರಾಂ. ಗೊನೆ ಮೇಲೆ ಬಿದ್ದಿದ್ದು ಮಳೆಗೆ ತೊಳ್ದು ಬುಡಕ್ಕೇ ಬರತ್ತೆ, ಅದು ಕೊಳೆತು ಹೋಗೋ ವಸ್ತು ಅಲ್ವಲ್ಲ, ಮೇಲ್ಮಣ್ಣಲ್ಲೇ ವರ್ಷ ವರ್ಷ ಕೂತ್ಕೊಳ್ಳತ್ತೆ, ಹುಳಿ ಮಣ್ಣಲ್ಲಂತೂ ಕರಗಿ ಬೇರಿಗೆ ಬೇಗ ತಾಗತ್ತೆ. ಎರೆಹುಳಕ್ಕೂ ಏಟು, ಬೇರಿನ ಜೊತೆ ಬದುಕೋ ಒಳ್ಳೆ ಶಿಲೀಂಧ್ರಕ್ಕೂ ಏಟು. ನಮ್ಮಲ್ಲಿ ಔಷಧಿ ಕಲಸೋ ಡ್ರಮ್ ಇಡೋ ಜಾಗ ಬಂದು ನೋಡಿ, ಮಣ್ಣು ನೀಲಿ ತಿರುಗಿದೆ, ಸುತ್ತ ಮೊಣಕಾಲುದ್ದ ಹುಲ್ಲಿದ್ರೂ ಅಲ್ಲಿ ಒಂದು ಗರಿಕೆ ಹುಟ್ಟಲ್ಲ, ಕೆದಕಿದ್ರೆ ಒಂದು ಎರೆಹುಳ ಸಿಗಲ್ಲ.

ಔಷಧಿ ಬಿಡಿ ಅಂತ ಹೇಳ್ತಿಲ್ಲ, ಕೊಳೆ ಬಂದ್ರೆ ಗೊನೆಗೊನೆನೇ ಉದುರತ್ತೆ, ಸೊಸೈಟಿ ಸಾಲ ಯಾರು ಕಟ್ತಾರೆ. ಆದ್ರೆ ನೆಲದಲ್ಲಿ ಎಷ್ಟು ಕೂತಿದೆ ಅಂತ ಗೊತ್ತಾದ್ರೆ ಉಳಿದ ದ್ರಾವಣನ ಬಸಿಗಾಲುವೆಗೆ ಚೆಲ್ಲೋರು ಎರಡ್ಸಲ ಯೋಚ್ನೆ ಮಾಡ್ತಾರೆ, ಆ ನೀರು ಕೆಳಗಿನ ಗದ್ದೆಗೇ ಹೋಗೋದು. ಅದನ್ನ ಹೇಳೋ ಕೆಲಸ ಲ್ಯಾಬಿಂದೇ.

ಕೊಡೋಕೆ ಹೋಗೋರು ಡ್ರಮ್ ಜಾಗದ ಮಣ್ಣನ್ನ ಬೇರೆ ಕವರಲ್ಲಿ ಹಾಕ್ಕೊಂಡು ಹೋಗಿ, ‘ಸಾಕಷ್ಟಿದೆ’ ಅಂದ್ರೆ ಒಪ್ಕೋಬೇಡಿ, ಅಂಕಿ ಎಷ್ಟು ಅಂತ ಬರೆಸ್ಕೊಳ್ಳಿ, ಕೇಳಿದ್ರೆ ಕೊಡ್ತಾರೆ.