ಶಾಸಕರ ಸುದ್ದಿಪತ್ರ: ಎರಡು ವರ್ಷಕ್ಕೂ ಹೆಚ್ಚಿನ ಬಳಕೆಯ ನಂತರ, ನಾಲ್ಕನೇ ಪುಟದ ಓದುಗನ ಅನಿಸಿಕೆ

ಮಂಡ್ಯ ಜಿಲ್ಲೆಯ ಏಳು ವಿಧಾನಸಭಾ ಕ್ಷೇತ್ರಗಳ ಪೈಕಿ ಒಂದರ ಶಾಸಕರ ಕಚೇರಿಯಿಂದ ಹದಿನೈದು ದಿನಕ್ಕೊಮ್ಮೆ ವಾಟ್ಸ್‌ಆ್ಯಪ್‌ಗೆ ಬರುವ ಸುದ್ದಿಪತ್ರವನ್ನು ನಾನು 2023ರ ಆಗಸ್ಟ್‌ನಿಂದ ತಪ್ಪದೆ ಓದುತ್ತಿದ್ದೇನೆ. ಯಾವ ಕ್ಷೇತ್ರ, ಯಾವ ಪಕ್ಷ ಎಂಬುದನ್ನು ಬೇಕೆಂದೇ ಬರೆಯುತ್ತಿಲ್ಲ. ಬರೆದೊಡನೆ ಓದುಗರು ಸುದ್ದಿಪತ್ರವನ್ನು ಬಿಟ್ಟು ಪಕ್ಷವನ್ನು ಅಳೆಯಲು ಕೂರುತ್ತಾರೆ. ಐದಕ್ಕೆ ಮೂರು ನಕ್ಷತ್ರ ಕೊಟ್ಟಿದ್ದೇನೆ. ಆರೋಗ್ಯದ ಪುಟವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುವುದಾದರೆ ನಾಲ್ಕೂವರೆ ಕೊಡುತ್ತಿದ್ದೆ.

ಶಾಸಕರ ಕಚೇರಿಯ ಸಂಖ್ಯೆಗೆ ನಮ್ಮ ಹೆಸರು ಮತ್ತು ಊರಿನ ಹೆಸರು ಕಳುಹಿಸಿದರೆ ನೋಂದಣಿಯಾಗುತ್ತದೆ, ಶುಲ್ಕವೇನೂ ಇಲ್ಲ. ಆರು ಪುಟಗಳ ಪಿಡಿಎಫ್‌ನಲ್ಲಿ ಮೊದಲೆರಡು ಪುಟ ಗುದ್ದಲಿಪೂಜೆ, ಸನ್ಮಾನ, ಮದುವೆ ಮತ್ತು ತಿಥಿ ಮನೆಗಳಿಗೆ ಶಾಸಕರು ಭೇಟಿ ಕೊಟ್ಟ ಚಿತ್ರಗಳಿಗೆ ಮೀಸಲು. ಮೂರನೆಯದು ರಸ್ತೆ, ನಾಲೆ, ಕುಡಿಯುವ ನೀರು. ನಾಲ್ಕನೆಯದು ಆರೋಗ್ಯ. ಕೊನೆಯ ಎರಡು ಪುಟಗಳಲ್ಲಿ ಅರ್ಜಿ ಸಲ್ಲಿಸುವ ದಿನಾಂಕಗಳೂ ದೂರವಾಣಿ ಸಂಖ್ಯೆಗಳೂ ಇರುತ್ತವೆ. ಚಿತ್ರಗಳ ಭಾರದಿಂದ ಕಡತ ಎಷ್ಟು ದಪ್ಪವಾಗಿರುತ್ತದೆಂದರೆ, ಸಿಗ್ನಲ್ ಸರಿಯಿಲ್ಲದ ನಮ್ಮೂರಿನಲ್ಲಿ ಅದು ಇಳಿಯುವಷ್ಟರಲ್ಲಿ ಒಂದು ಲೋಟ ಕಾಫಿ ಮುಗಿದಿರುತ್ತದೆ.

ನಾಲ್ಕನೇ ಪುಟದ ಬೆಲೆ ನನಗೆ ತಿಳಿದದ್ದು 2024ರ ಮಳೆಗಾಲದಲ್ಲಿ. ಆ ವರ್ಷ ರಾಜ್ಯದಾದ್ಯಂತ ಡೆಂಗಿ ಹರಡಿ, ಸೆಪ್ಟೆಂಬರ್ ಹೊತ್ತಿಗೆ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದೇ ಅಧಿಸೂಚಿಸಬೇಕಾಯಿತು. ಜುಲೈನ ಸಂಚಿಕೆಯಲ್ಲಿ, ಖಾಸಗಿ ಪ್ರಯೋಗಾಲಯಗಳು ಡೆಂಗಿ ಪತ್ತೆಯ ಎರಡು ರಕ್ತಪರೀಕ್ಷೆಗಳಾದ ಎನ್‌ಎಸ್‌1 ಎಲೈಸಾಗೆ 300, ಐಜಿಎಂ ಎಲೈಸಾಗೆ 300 ರೂಪಾಯಿಗಿಂತ ಹೆಚ್ಚು ಪಡೆಯುವಂತಿಲ್ಲ ಎಂಬ ಸರ್ಕಾರದ ಆದೇಶವನ್ನು ಚೌಕಟ್ಟಿನೊಳಗೆ ದಪ್ಪಕ್ಷರದಲ್ಲಿ ಹಾಕಿದ್ದರು. ಅದಾದ ವಾರದಲ್ಲೇ ನಮ್ಮ ಸೊಸೆಗೆ ಮೈ ಸುಡುವ ಜ್ವರ, ಕಣ್ಣಿನ ಹಿಂದೆ ನೋವು. ಪೇಟೆಯ ಒಂದು ಪ್ರಯೋಗಾಲಯದಲ್ಲಿ ಎರಡೂ ಪರೀಕ್ಷೆಗೆ ಸೇರಿ 1,200 ರೂಪಾಯಿ ಕೇಳಿದರು. ನಾನು ಮೊಬೈಲಿನಲ್ಲಿ ಆ ಪುಟವನ್ನು ತೆರೆದು ಮೇಜಿನ ಮೇಲಿಟ್ಟೆ. ಗಲ್ಲಾದಲ್ಲಿದ್ದ ಹುಡುಗ ಅದನ್ನು ಓದಿ, ಒಳಗೆ ಹೋಗಿ ಬಂದು, ಮಾತಿಲ್ಲದೆ 600ಕ್ಕೆ ರಸೀದಿ ಹರಿದುಕೊಟ್ಟ.

ದುಡ್ಡಿಗಿಂತಲೂ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ ಪುಟದ ಇನ್ನೊಂದು ಸಾಲು: ಡೆಂಗಿಯಲ್ಲಿ ಜ್ವರ ಇಳಿಯುವ ದಿನವೇ ಹೆಚ್ಚು ಎಚ್ಚರದಿಂದಿರಬೇಕು. ಮೂರರಿಂದ ಏಳನೆಯ ದಿನದೊಳಗೆ ಜ್ವರ ಬಿಟ್ಟಂತಾದಾಗ ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಪ್ಯಾರಾಸಿಟಮಾಲ್ ಬಿಟ್ಟು ಆಸ್ಪಿರಿನ್, ಐಬುಪ್ರೊಫೆನ್ ನುಂಗಬಾರದು ಎಂದು ಬರೆದಿದ್ದರು. ಜ್ವರ ಇಳಿಯಿತೆಂದು ಎದ್ದು ಕೊಟ್ಟಿಗೆ ಕೆಲಸಕ್ಕೆ ಹೊರಟಿದ್ದ ಸೊಸೆಯನ್ನು ಈ ಸಾಲುಗಳನ್ನು ಓದಿ ಹೇಳಿಯೇ ಮತ್ತೆ ಮಲಗಿಸಿದೆವು. ಇದನ್ನು ಬರೆಯುವವರು ರಾಜಕೀಯ ಕಾರ್ಯಕರ್ತರಲ್ಲ, ಆರೋಗ್ಯ ಇಲಾಖೆಯಲ್ಲಿ ದುಡಿದವರೇ ಇರಬೇಕೆಂಬುದು ನನ್ನ ಊಹೆ. ‘ಸ್ವಚ್ಛತೆ ಕಾಪಾಡಿ’ ಎಂದು ಬರೆದು ಕೈತೊಳೆದುಕೊಳ್ಳುವ ಬದಲು, ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆ ಡ್ರಮ್ಮಿನ ಒಳಗೋಡೆಗೆ ಅಂಟಿಕೊಂಡು ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕುತ್ತದೆ, ಆದ್ದರಿಂದ ನೀರು ಚೆಲ್ಲಿದರೆ ಸಾಲದು, ವಾರಕ್ಕೊಮ್ಮೆ ಗೋಡೆಯನ್ನು ಉಜ್ಜಿ ತೊಳೆಯಬೇಕು ಎಂದು ಕಾರಣ ಸಮೇತ ಬರೆಯುತ್ತಾರೆ. ದಿನ ಬಿಟ್ಟು ದಿನ ನಲ್ಲಿ ಬರುವ ನಮ್ಮಂಥ ಊರುಗಳಲ್ಲಿ ಡ್ರಮ್ಮಿಲ್ಲದ ಮನೆಯೇ ಇಲ್ಲ.

ಹಾವು ಕಡಿತದ ಅಂಕಣಕ್ಕೂ ಇದೇ ಮಾತು ಸಲ್ಲುತ್ತದೆ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಸಾಲಿಗೆ ಸೇರಿಸಿತು. ಆ ನಂತರ ಕಬ್ಬು ಕಡಿಯುವ ದಿನಗಳಲ್ಲಿ, ತಾಲ್ಲೂಕು ಆಸ್ಪತ್ರೆಯಲ್ಲಿ ವಿಷನಿರೋಧಕ ಚುಚ್ಚುಮದ್ದಿನ ಎಷ್ಟು ಸೀಸೆಗಳಿವೆ ಎಂಬುದನ್ನು ಈ ಪುಟದಲ್ಲಿ ಪ್ರಕಟಿಸುತ್ತಾರೆ. ನಾಗರ, ಕೊಳಕುಮಂಡಲ, ಗರಗಸ ಮಂಡಲ, ಕಟ್ಟುಹಾವು ಈ ನಾಲ್ಕಕ್ಕೂ ಒಂದೇ ಮದ್ದು ಆಗುವುದರಿಂದ ಹಾವನ್ನು ಹಿಡಿದು ತರಲು ಹೊತ್ತು ಕಳೆಯಬೇಡಿ, ಹಗ್ಗ ಬಿಗಿಯಬೇಡಿ, ಗಾಯ ಕೊಯ್ಯಬೇಡಿ ಎಂಬ ಸೂಚನೆಯೂ ಜೊತೆಗಿರುತ್ತದೆ. ನಮ್ಮ ಕೇರಿಯ ಆಶಾ ಕಾರ್ಯಕರ್ತೆ ಈ ಭಾಗವನ್ನು ಮುದ್ರಿಸಿ ಹಾಲಿನ ಡೇರಿಯ ಗೋಡೆಗೆ ಅಂಟಿಸಿದ್ದಾರೆ.

ಇನ್ನು ದೂರುಗಳು. ಕಳೆದ ವರ್ಷ ‘ಭಾನುವಾರ ಬೆಳಿಗ್ಗೆ 9ಕ್ಕೆ ಪ್ರೌಢಶಾಲೆಯಲ್ಲಿ ಉಚಿತ ಕಣ್ಣಿನ ತಪಾಸಣಾ ಶಿಬಿರ’ ಎಂದು ಓದಿ, ಪೊರೆ ಬಂದಿದ್ದ ತಾಯಿಯನ್ನು ಆಟೋದಲ್ಲಿ ಹನ್ನೊಂದು ಕಿಲೋಮೀಟರ್ ಕರೆದೊಯ್ದೆ. ಗೇಟಿನ ಮುಂದೆ ನಮ್ಮಂತೆಯೇ ಬಂದ ಏಳೆಂಟು ವೃದ್ಧರು ನಿಂತಿದ್ದರು. ಕಣ್ಣು ಮಂಜಾಗಿದ್ದರೂ ಮೊದಲು ಗುರುತಿಸಿದ್ದು ತಾಯಿಯೇ: “ಬೀಗ ಹಾಕೈತಲ್ಲೋ ಮಗಾ.” ಶಿಬಿರ ಮುಂದಿನ ವಾರಕ್ಕೆ ಹೋಗಿದೆ ಎಂಬ ತಿದ್ದುಪಡಿ ನನ್ನ ಮೊಬೈಲಿಗೆ ಬಂದದ್ದು ಮಧ್ಯಾಹ್ನ ಹನ್ನೆರಡೂವರೆಗೆ, ಅಷ್ಟು ಹೊತ್ತಿಗೆ ನಾವು ಮನೆಗೆ ಮರಳಿ ಊಟಕ್ಕೆ ಕೂತಿದ್ದೆವು. ಗುದ್ದಲಿಪೂಜೆಯ ಚಿತ್ರ ಗುದ್ದಲಿ ನೆಲಕ್ಕೆ ತಾಗಿದ ಅರ್ಧ ಗಂಟೆಯೊಳಗೆ ತಲುಪುವಾಗ ಶಿಬಿರ ಮುಂದೂಡಿದ ಸುದ್ದಿ ಹಿಂದಿನ ರಾತ್ರಿಯೇ ಏಕೆ ತಲುಪುವುದಿಲ್ಲ ಎಂದು ಕಚೇರಿಗೆ ಬರೆದೆ. ‘ನಿಮ್ಮ ಸಲಹೆಗೆ ಧನ್ಯವಾದಗಳು’ ಎಂಬ ಸಿದ್ಧ ಉತ್ತರ ಬಂತು.

ಎರಡನೆಯ ದೂರು ‘ಶೀಘ್ರದಲ್ಲೇ’ ಎಂಬ ಪದದ ಬಗ್ಗೆ. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಸತ್ತ ಮೇಲೆ ನಾಲೆ ಬದಿಯ ತಡೆಗೋಡೆ ಈ ಜಿಲ್ಲೆಯವರಿಗೆ ಬರೀ ಕಾಮಗಾರಿಯಾಗಿ ಉಳಿದಿಲ್ಲ. ನಮ್ಮೂರಿನ ತಿರುವಿನ ತಡೆಗೋಡೆಯ ಬಗ್ಗೆ ಮೂರನೇ ಪುಟದಲ್ಲಿ ಇದುವರೆಗೆ ಆರು ಸಲ ಬಂದಿದೆ, ಆರು ಸಲವೂ ‘ಶೀಘ್ರದಲ್ಲೇ’ ಎಂದೇ. ಹಣ ಮಂಜೂರಾಯಿತೇ, ಟೆಂಡರ್ ಆಯಿತೇ, ಎಲ್ಲಿ ನಿಂತಿದೆ ಎಂಬ ಒಂದು ಸಾಲೂ ಇಲ್ಲ. ಮೇಷ್ಟ್ರಾಗಿದ್ದ ಅಭ್ಯಾಸಬಲದಿಂದ ದಿನಾಂಕಗಳನ್ನು ಪುಸ್ತಕದಲ್ಲಿ ಗುರುತು ಹಾಕಿಟ್ಟಿದ್ದೇನೆ.

ಮೂರನೆಯದು ಮೌನ. 2023ರ ನವೆಂಬರ್‌ನಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದುದು ಬಯಲಾಗಿ ಇಡೀ ರಾಜ್ಯ ನಮ್ಮ ಜಿಲ್ಲೆಯ ಹೆಸರು ಹೇಳುತ್ತಿದ್ದಾಗ, ಈ ಸುದ್ದಿಪತ್ರದ ಮೂರು ಸಂಚಿಕೆಗಳಲ್ಲಿ ಆ ವಿಷಯದ ಸುಳಿವೇ ಇರಲಿಲ್ಲ. ಭ್ರೂಣಲಿಂಗ ಪತ್ತೆ ನಿಷೇಧದ ಕಾಯ್ದೆ 1994ರದು. ಅದರಲ್ಲಿ ಏನಿದೆ, ದೂರು ಯಾರಿಗೆ ಕೊಡಬೇಕು ಎಂದು ನಾಲ್ಕನೇ ಪುಟದಲ್ಲಿ ಹತ್ತು ಸಾಲು ಬರೆಯಲು ಯಾರ ಅಪ್ಪಣೆ ಬೇಕಿತ್ತೋ ತಿಳಿಯದು. ಸೊಳ್ಳೆಯ ಬಗ್ಗೆ ಅಷ್ಟು ಚೆನ್ನಾಗಿ ಬರೆಯುವ ಕೈ ಇಲ್ಲಿ ಹಿಂಜರಿದದ್ದನ್ನು ನಾನಿನ್ನೂ ಮರೆತಿಲ್ಲ.

ಹಾಗಿದ್ದರೂ ನೋಂದಣಿ ರದ್ದು ಮಾಡಿಲ್ಲ. ಈಚೆಗೆ ನಾಲ್ಕನೇ ಪುಟವನ್ನು ಓದಿ ಧ್ವನಿಮುದ್ರಿಸಿ ಪ್ರತ್ಯೇಕವಾಗಿ ಕಳುಹಿಸುತ್ತಿದ್ದಾರೆ, ಅದು ಹಗುರಾಗಿ ಇಳಿಯುತ್ತದೆ, ಓದು ಬಾರದ ತಾಯಿಯೂ ಕೇಳಿಸಿಕೊಳ್ಳುತ್ತಾರೆ. ಅವರ ಎಡಗಣ್ಣಿನ ಶಸ್ತ್ರಚಿಕಿತ್ಸೆ ಮುಂದೂಡಿದ ಅದೇ ಶಿಬಿರದ ಮೂಲಕ ಒಂದು ರೂಪಾಯಿ ಖರ್ಚಿಲ್ಲದೆ ಆಯಿತು. ಬಲಗಣ್ಣಿಗಾಗಿ ಮುಂದಿನ ಶಿಬಿರದ ದಿನಾಂಕ ಮೊನ್ನೆಯ ಸಂಚಿಕೆಯಲ್ಲಿ ಬಂದಿದೆ. ಹಿಂದಿನ ಸಂಜೆ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ ಖಚಿತಪಡಿಸಿಕೊಂಡ ಮೇಲೆಯೇ ಆಟೋದವನಿಗೆ ಹೇಳುತ್ತೇನೆ.