ಬಿಸಿಲುನಾಡಿನವ್ರು ಕೋಕ್ಯೂ10 ತಗೊಳ್ಳೋದಾದ್ರ ಬಾಟ್ಲಿ ಬ್ಯಾಡ, ಸ್ಟ್ರಿಪ್ ತಗೋರಿ

ಮೊದ್ಲ ಹೇಳಿಬಿಡ್ತೀನಿ, ಕೋಕ್ಯೂ10 ಅಂದ್ರ ಕೋಎನ್‌ಜೈಮ್ ಕ್ಯೂ10, ನಮ್ಮ ಮೈಯಾಗ ತಾನ ತಯಾರಾಗೋ, ಶಕ್ತಿಗೆ ಬೇಕಾಗೋ ಪದಾರ್ಥ; ನನ್ನ ಓಟು ಮೆಡಿಕಲ್ ಶಾಪಿನ್ಯಾಗ ಸ್ಟ್ರಿಪ್ ಲೆಕ್ಕದಾಗ ಸಿಗೋ ಅದರ ಸಾದಾ ರೂಪದ ಗುಳಿಗಿಗೆ, ಅಂದ್ರ ಯುಬಿಕ್ವಿನೋನ್ 100 ಮಿ.ಗ್ರಾಂ. ಆನ್‌ಲೈನ್ ತರಿಸಿದ, ಅದರದ್ದ ಇನ್ನೊಂದು ರೂಪ ಯುಬಿಕ್ವಿನಾಲ್ ಬಾಟ್ಲಿನೂ ಆತು, ಮುಪ್ಪು ತಡೀತೈತಿ ಅಂತ ಹವಾ ಇರೋ ಎನ್‌ಎಂಎನ್ ಕ್ಯಾಪ್ಸೂಲೂ ಆತು, ಮೂರಕ್ಕೂ ಸ್ವಂತ ರೊಕ್ಕ ಹಾಕಿ ನುಂಗಿ ನೋಡಿದ ಮ್ಯಾಲೆ ಬರೀಲಿಕತ್ತೀನಿ. ನಾನಿರೋದು ಸಿಂಧನೂರು, ವಯಸ್ಸು ಐವತ್ತು ದಾಟೇತಿ, ಕೊಲೆಸ್ಟ್ರಾಲ್‌ಗೆ ಸ್ಟ್ಯಾಟಿನ್ ಗುಳಿಗಿ ನಡದೈತಿ.

ಸ್ಟ್ಯಾಟಿನ್ ಮಾತು ಯಾಕ ತಂದೆ ಅಂದ್ರ ನಮ್ಮ ಮೈ ಕೊಲೆಸ್ಟ್ರಾಲ್ ಮಾಡೋ ದಾರಿಯೊಳಗ ಕೋಕ್ಯೂ10ನೂ ತಯಾರಾಗ್ತೈತಿ, ಗುಳಿಗಿ ಆ ದಾರೀನ ಮ್ಯಾಲಿನಿಂದನ ತಡೀತೈತಿ, ಹಿಂಗಾಗಿ ರಕ್ತದಾಗ ಕೋಕ್ಯೂ10 ಪ್ರಮಾಣ ಇಳೀತೈತಿ. ಜೀವಕೋಶದಾಗಿನ ಮೈಟೊಕಾಂಡ್ರಿಯಾದಾಗ ಉಂಡ ಅನ್ನ ಶಕ್ತಿ ಆಗಬೇಕಾದ್ರ ಎಲೆಕ್ಟ್ರಾನ್ ಸಾಗಿಸೋ ಕೆಲಸ ಇದರದ್ದು, 1957ರಾಗ ಅಮೆರಿಕದ ವಿಸ್ಕಾನ್ಸಿನ್‌ನಾಗ ಫ್ರೆಡ್ರಿಕ್ ಕ್ರೇನ್ ಅನ್ನೋರು ದನದ ಹೃದಯದಿಂದ ಇದನ್ನ ಬೇರ್ಪಡಿಸಿದ್ರು. ನಮ್ಮ ಡಾಕ್ಟ್ರು ಹೇಳಿದ್ದು ಇಷ್ಟ: "ತಗೊಂಡ್ರ ತಗೋರಿ, ಸ್ಟ್ಯಾಟಿನ್ ಮಾತ್ರ ಬಿಡಬ್ಯಾಡ್ರಿ."

ಈಗ ಯುಬಿಕ್ವಿನಾಲ್ ಬಾಟ್ಲಿ ಕಥಿ. ಇದು ಕೋಕ್ಯೂ10ದ್ದ ಇನ್ನೊಂದು ರೂಪ, ಜಲ್ದಿ ಮೈಗೆ ಹತ್ತತೈತಿ, ವಯಸ್ಸಾದವ್ರಿಗೆ ಇದ ಬೇಕು ಅಂತ ಜಾಹೀರಾತು. ಎರಡೂವರೆ ಸಾವಿರದ ಹತ್ರ ಕೊಟ್ಟು ತರಿಸಿದೆ. ಮೇ ತಿಂಗಳು. ನಮ್ಮ ಕಡೆ ಆಗ 40 ಡಿಗ್ರಿ ದಾಟೋದು ಮಾಮೂಲು, ಕೊರಿಯರ್ ಗಾಡಿ ಬಿಸಲಾಗ ನಿಂತಿದ್ರ ಒಳಗ ಇನ್ನೂ ಜಾಸ್ತಿ. ಬಾಟ್ಲಿ ಮ್ಯಾಲೆ 30 ಡಿಗ್ರಿ ಒಳಗ ಇಡ್ರಿ ಅಂತ ಬರದಾರ, ನಮ್ಮೂರಾಗ ಆ 30 ಡಿಗ್ರಿ ಎಲ್ಲಿಂದ ತರೋದ್ರಿ? ಸೀಲ್ ಕಿತ್ತು ಅಲುಗಾಡಿಸಿದ್ರ ಸಪ್ಪಳನ ಇಲ್ಲ. ಅಷ್ಟೂ ಸಾಫ್ಟ್‌ಜೆಲ್ ಒಂದಕ್ಕೊಂದು ಅಂಟಿ ಬೆಲ್ಲದ ಹೆಂಟಿ ಆಗಿದ್ವು. ಚಮಚದ ಹಿಡಿಕಿ ಹಾಕಿ ಬಿಡಿಸಾಕ ಹೋದ್ರ ಒಂದು ಒಡದು ಒಳಗಿನ ಎಣ್ಣಿ ಸೋರಿ ಪಕ್ಕದಾವಕ್ಕೂ ಹತ್ತಿತು, ಬೆರಳು ಕಿತ್ತಳಿ ಬಣ್ಣ ಆತು, ಸಾಬೂನು ಹಾಕಿ ತಿಕ್ಕಿದ್ರೂ ಉಗುರಿನ ಸಂದಿಯಾಗ ಹಂಗ ಉಳೀತು.

ಕಂಪನಿಗೆ ಫೋಟೋ ಕಳಿಸಿದೆ. ಸೀಲ್ ತಗದ ಮಾಲು ವಾಪಸ್ ಇಲ್ಲ ಅಂದ್ರು. ಸೀಲ್ ತಗೀದ ಒಳಗ ಅಂಟೇತೋ ಇಲ್ಲೋ ಹೆಂಗ ನೋಡೋದು ಅಂತ ಕೇಳಿದ್ದಕ್ಕ ಉತ್ತರನ ಇಲ್ಲ. ಫ್ರಿಜ್‌ನಾಗ ಇಟ್ಟ್ರ ಗಟ್ಟಿ ಆದ್ವು ಖರೆ, ಆದ್ರ ದಿನಾ ಹೊರಗ ತಗದು ಮುಚ್ಚಳ ಬಿಚ್ಚಿದಾಗ ಹೊರಗಿನ ಗಾಳಿ ಒಳಗ ಹೋಗಿ ಪಸಿ ಹಿಡದು ಮತ್ತ ಅಂಟ್ಯಾವು. ಅದರಾಗ ಯುಬಿಕ್ವಿನಾಲ್ ಗಾಳಿ ತಾಗಿದ್ರ ಆಕ್ಸಿಡೈಸ್ ಆಗಿ ಯುಬಿಕ್ವಿನೋನೇ ಆಗ್ತೈತಿ. ಅಂದ್ರ ಜಾಸ್ತಿ ರೊಕ್ಕ ಕೊಟ್ಟು ತಂದದ್ದು ಒಡದು ಸೋರಿದ ಮ್ಯಾಲೆ ಸಾದಾ ಮಾಲಿನ ದಾರೀನ ಹಿಡೀತು. ಇನ್ನ ಹೊಟ್ಟಿ ಒಳಗ ಹೋದ ಮ್ಯಾಲೂ ಮೈ ಈ ಎರಡೂ ರೂಪಾನ ಅದರಿಂದ ಇದು, ಇದರಿಂದ ಅದು ಅಂತ ಬದಲಿಸ್ಕೊಂತನ ಇರ್ತೈತಿ, ಹಂಗಿದ್ದಾಗ ಇಷ್ಟು ತ್ರಾಸು ಯಾಕ?

ಸ್ಟ್ರಿಪ್‌ನಾಗ ಈ ತ್ರಾಸ ಇಲ್ಲ. ಒಂದೊಂದು ಗುಳಿಗಿ ಅದರ ಗೂಡಿನ್ಯಾಗ ಇರ್ತೈತಿ, ಬಿಸಲಿಗೆ ಸ್ವಲ್ಪ ಮೆತ್ತಗಾದ್ರೂ ಪಕ್ಕದ್ದಕ್ಕ ಅಂಟೂದಿಲ್ಲ. ಅಂಗಡಿಯವ್ರು ಗುರ್ತಿನವ್ರು, ಮೆತ್ತಗಿದ್ರ ಕೌಂಟರ್‌ನಾಗ ನಿಂತ ಬದಲಿಸಿ ಕೊಡ್ತಾರ. ಹತ್ತು ಗುಳಿಗಿಗೆ ನಾಕುನೂರರ ಆಸುಪಾಸು ಬೀಳ್ತೈತಿ.

ಎನ್‌ಎಂಎನ್ ಬ್ಯಾರೇನ ಜಾತಿ. ಬಿ3 ವಿಟಮಿನ್ ಬಳಗದ್ದು, ಮೈಯಾಗ ಎನ್‌ಎಡಿ ಅಂತ ಜೀವಕೋಶದ ಶಕ್ತಿ ಕೆಲಸಕ್ಕ ಬೇಕಾಗೋ ಪದಾರ್ಥ ಆಗ್ತೈತಿ, ವಯಸ್ಸಾದಂಗ ಎನ್‌ಎಡಿ ಕಡಿಮಿ ಆಗ್ತೈತಿ ಅಂತ ಇದಕ್ಕ ಇಷ್ಟು ಹವಾ. 2021ರಾಗ ಅಮೆರಿಕದಾಗ ಮುಟ್ಟು ನಿಂತ, ಪ್ರೀಡಯಾಬಿಟಿಸ್ (ಸಕ್ಕರಿ ಕಾಯಿಲೆ ಬರೋ ಮುಂಚಿನ ಹಂತ) ಇದ್ದ 25 ಹೆಣ್ಣುಮಕ್ಕಳ ಮ್ಯಾಲೆ ಒಂದು ಸ್ಟಡಿ ಬಂತು, ದಿನಕ್ಕ 250 ಮಿ.ಗ್ರಾಂನಂಗ 10 ವಾರ ತಗೊಂಡವ್ರ ಸ್ನಾಯುಗಳು ಇನ್ಸುಲಿನ್‌ಗೆ ಚೊಲೋ ಸ್ಪಂದಿಸಿದ್ವು. ಅಷ್ಟ, ಮುಪ್ಪು ನಿಂತ್ತು ಅಂತೇನಲ್ಲ. ಪುಡಿ ಕ್ಯಾಪ್ಸೂಲ್ ಆದ್ದರಿಂದ ಅಂಟೋ ಕಾಟ ಇಲ್ಲ, ಆದ್ರ ಆ ರೇಟು ತಿಂಗಳಾ ತಿಂಗಳಾ ನನ್ನ ಕೈಲಾಗೂದಿಲ್ಲ, ನನಗ ಫರಕೂ ಗೊತ್ತಾಗಲಿಲ್ಲ.

ಕೋಕ್ಯೂ10ದಿಂದ ಏನಾತು ಅಂತ ಕೇಳ್ತೀರಿ. ಸಂಜಿ ಆಗ್ತಿದ್ದ ಮೀನಖಂಡದ ನೋವು ಕಡಿಮಿ ಅನ್ನಿಸೇತಿ. ಸ್ಟ್ಯಾಟಿನ್ ನೋವಿಗೆ ಇದು ಆಗ್ತೈತಿ ಅಂತ ಕೆಲವು ಸ್ಟಡಿ, ಇಲ್ಲ ಅಂತ ಕೆಲವು, ಹಂಗಾಗಿ ನನ್ನದನ್ನ ಎಲ್ಲಾರಿಗೂ ಹೇಳಂಗಿಲ್ಲ. ಹರೇ ಮರಳಿ ಬರ್ತೈತಿ ಅಂತ ಯಾರರ ಹೇಳಿದ್ರ ನಂಬಬ್ಯಾಡ್ರಿ.

ಇದು ಜಿಡ್ಡಿನ್ಯಾಗ ಕರಗೋ ಮಾಲು, ಖಾಲಿ ಹೊಟ್ಟೀಲೆ ನುಂಗಿದ್ರ ಮೈಗೆ ಕಡಿಮಿ ಹತ್ತತೈತಿ. ನಾನು ಮಧ್ಯಾಹ್ನ ಜ್ವಾಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿಗೆ ಎಣ್ಣಿ ಹಾಕ್ಕೊಂಡು ಉಂಡಕೂಡ್ಲೆ ತಗೋತೀನಿ. ಶೇಂಗಾದಾಗೂ ಇದು ಸ್ವಲ್ಪ ಐತಿ, ಆದ್ರ 100 ಮಿ.ಗ್ರಾಂ ಮುಟ್ಟೋ ಅಷ್ಟು ತಿನ್ನಾಕ ಆಗೂದಿಲ್ಲ. ರಕ್ತ ತೆಳು ಮಾಡೋ ವಾರ್ಫರಿನ್ ತಗೊಳ್ಳೋರು ಡಾಕ್ಟ್ರನ್ನ ಕೇಳದ ಮುಟ್ಟಬ್ಯಾಡ್ರಿ, ಅದರ ಪರಿಣಾಮ ಕಡಿಮಿ ಮಾಡಬಹುದು. ಬಿಪಿ ಗುಳಿಗಿ ಇದ್ದವ್ರೂ ಕೇಳ್ರಿ.

ಯುಬಿಕ್ವಿನಾಲೇ ಬೇಕು ಅನ್ನೋರು ದೀಪಾವಳಿ ದಾಟಿದ ಮ್ಯಾಲೆ ತರಿಸ್ರಿ, ಅದೂ ಸ್ಟ್ರಿಪ್‌ನಾಗ ಸಿಕ್ಕ್ರ ಮಾತ್ರ.