ಫ್ರಿಜ್ ಹಿಂದೆ ಉರಿಯುವ ಒಲೆ

ಕ್ಯಾಂಪರ್ ವ್ಯಾನಿನ ಫ್ರಿಜ್ಜನ್ನು ಪ್ರೊಪೇನ್ ಗ್ಯಾಸಿನಲ್ಲಿ ಓಡಿಸುವವರು ದಯವಿಟ್ಟು ಇದನ್ನು ಓದಿ. ಹಾಳಾಗಿದ್ದು ಹಾಲು, ತರಕಾರಿ ಮಾತ್ರ ಆಗಿದ್ದರೆ ಬರೆಯುತ್ತಿರಲಿಲ್ಲ. ಆ ರಾತ್ರಿ ನನ್ನ ಹೆಂಡತಿಗೆ ಎಚ್ಚರ ಆಗದೇ ಹೋಗಿದ್ದರೆ ಬರೆಯಲು ನಾನೇ ಇರುತ್ತಿರಲಿಲ್ಲವೇನೋ.

ನಮ್ಮದು ಸೆಕೆಂಡ್ ಹ್ಯಾಂಡ್ ಕ್ಯಾಂಪರ್. ಅದರ ಫ್ರಿಜ್ ಮೂರು ರೀತಿಯಲ್ಲಿ ಓಡುತ್ತದೆ. ನಿಂತಲ್ಲಿ ಕರೆಂಟ್ ಸಿಕ್ಕರೆ ಕರೆಂಟಿನಲ್ಲಿ, ಗಾಡಿ ಓಡುವಾಗ 12 ವೋಲ್ಟಿನಲ್ಲಿ, ಎರಡೂ ಇಲ್ಲದಾಗ ಗ್ಯಾಸಿನಲ್ಲಿ. ಮೊದಲ ಕೆಲವು ಪ್ರವಾಸಗಳಲ್ಲಿ ಎಲ್ಲ ಕಡೆ ಕರೆಂಟ್ ಸಿಕ್ಕಿತು, ಏನೂ ತಕರಾರಿರಲಿಲ್ಲ. ಆ ಸಲ ಕರೆಂಟ್ ಇಲ್ಲದ ಜಾಗದಲ್ಲಿ ಮೂರು ದಿನ ಇರೋಣ ಅಂತ ಹೋದೆವು. ಗುಂಡಿಯನ್ನು ಗ್ಯಾಸಿಗೆ ತಿರುಗಿಸಿದೆ. ಟಕ್ ಟಕ್ ಅಂತ ಕಿಡಿ ಹಾರುವ ಸದ್ದು ಬಂತು, ಹಸಿರು ದೀಪ ಹತ್ತಿತು. ಕೆಲಸ ಮುಗೀತು ಅಂದುಕೊಂಡೆ.

ನನ್ನ ತಲೆಯಲ್ಲಿ ಇದ್ದದ್ದು ಮನೆಯ ಫ್ರಿಜ್. ಇದು ಬೇರೆಯೇ ಜಾತಿ. ಕಂಪ್ರೆಸರ್ ಇಲ್ಲ, ಪಂಪ್ ಇಲ್ಲ. ಹಿಂದಿನ ಕೊಳವೆಗಳಲ್ಲಿ ಅಮೋನಿಯಾ, ನೀರು, ಹೈಡ್ರೋಜನ್ ತುಂಬಿರುತ್ತಾರೆ. ಕೆಳಗಿನ ಸಣ್ಣ ಬರ್ನರ್ ಕಾಯಿಸಿದಾಗ ಅಮೋನಿಯಾ ನೀರನ್ನು ಬಿಟ್ಟು ಆವಿಯಾಗಿ ಮೇಲೇರುತ್ತದೆ, ಮೇಲೆ ತಣಿದು ದ್ರವವಾಗುತ್ತದೆ. ಆಮೇಲೆ ಹೈಡ್ರೋಜನ್ ಇರುವ ಕಡೆ ಮತ್ತೆ ಆವಿಯಾಗುವಾಗ ಫ್ರಿಜ್ ಒಳಗಿನ ಬಿಸಿಯನ್ನು ಎಳೆದುಕೊಳ್ಳುತ್ತದೆ. ಬೆಂಕಿ ಹಚ್ಚಿ ತಂಪು ಮಾಡುವ ಈ ಉಪಾಯವನ್ನು 1922ರಲ್ಲಿ ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು, ಫಾನ್ ಪ್ಲಾಟೆನ್ ಮತ್ತು ಮುಂಟೆರ್ಸ್, ಕಂಡುಹಿಡಿದರು. ಭಾರಿ ಜಾಣರು, ಅದರಲ್ಲಿ ಅನುಮಾನವಿಲ್ಲ. ಆದರೆ ನಾವು ಮಲಗುವ ಡಬ್ಬಿಯಲ್ಲಿ, ಒಂದು ತೆಳು ಗೋಡೆಯ ಆಚೆ, ರಾತ್ರಿಯಿಡೀ ಒಲೆ ಉರಿಯುತ್ತಿರುತ್ತದೆ ಅನ್ನುವುದು ನನಗೆ ಹೊಳೆದೇ ಇರಲಿಲ್ಲ.

ಮೊದಲ ತಪ್ಪು ಗಾಡಿ ನಿಲ್ಲಿಸಿದ ಜಾಗದ್ದು. ನೋಟ ಚೆನ್ನಾಗಿದೆ ಅಂತ ಇಳಿಜಾರಿನಲ್ಲೇ ನಿಲ್ಲಿಸಿದೆ. ಸಂಜೆಯಾದರೂ ಫ್ರೀಜರ್ ಬೆಚ್ಚಗೇ ಇತ್ತು. ಈ ಫ್ರಿಜ್ ತಣ್ಣಗಾಗಲು ಹೇಗೂ ಹಲವು ಗಂಟೆ ಬೇಕು, ಹಾಗಾಗಿ ಕಾದೆ. ಕಾಯಬಾರದಿತ್ತು. ಪಂಪ್ ಇಲ್ಲದ ಮೇಲೆ ಒಳಗಿನ ದ್ರವ ತಾನಾಗಿಯೇ ಇಳಿದು ಹರಿಯಬೇಕು. ಗಾಡಿ ವಾಲಿದರೆ ಅದು ಎಲ್ಲೋ ನಿಂತುಬಿಡುತ್ತದೆ, ಬರ್ನರ್ ಮಾತ್ರ ಕಾಯಿಸುತ್ತಲೇ ಇರುತ್ತದೆ. ತುಕ್ಕು ಹಿಡಿಯದಿರಲಿ ಅಂತ ಒಳಗೆ ಹಾಕಿರುವ ಸೋಡಿಯಂ ಕ್ರೋಮೇಟ್ ಆಗ ಗಟ್ಟಿಯಾಗಿ ಕೊಳವೆ ಕಟ್ಟಿಕೊಳ್ಳುತ್ತದೆ. ಒಮ್ಮೆ ಕಟ್ಟಿಕೊಂಡರೆ ಕೂಲಿಂಗ್ ಯೂನಿಟ್ಟನ್ನೇ ಬದಲಿಸಬೇಕು. ಅಡ್ಡಕ್ಕೆ 3 ಡಿಗ್ರಿಗಿಂತ ಜಾಸ್ತಿ ವಾಲಬಾರದು ಅಂತ ಹಲವು ಮಾದರಿಗಳ ಕೈಪಿಡಿಯಲ್ಲೇ ಇದೆ. ನಾನು ಓದಿದ್ದು ಆಮೇಲೆ. ಈಗ ಗಾಡಿಯಲ್ಲಿ ಗಾರೆ ಕೆಲಸದವರ ರಸಮಟ್ಟ ಒಂದನ್ನು ಇಟ್ಟುಕೊಂಡಿದ್ದೇನೆ.

ಕತ್ತಲಾಗುವ ಹೊತ್ತಿಗೆ ಸಮತಟ್ಟು ಜಾಗಕ್ಕೆ ಸರಿಸಿದೆ. ಅಲ್ಲಿ ಗಾಳಿ ಜೋರು. ಹತ್ತು ನಿಮಿಷಕ್ಕೊಮ್ಮೆ ಉರಿ ಆರುವುದು, ಮತ್ತೆ ಟಕ್ ಟಕ್. ತಲೆ ಕೆಟ್ಟು ಹೋಯಿತು. ಹೊರಗೆ ಹೋಗಿ ಫ್ರಿಜ್ ಹಿಂದೆ ಗಾಳಿಯಾಡಲು ಇರುವ ಗ್ರಿಲ್ಲುಗಳಲ್ಲಿ ಕೆಳಗಿನದಕ್ಕೆ ಪೂರ್ತಿ, ಮೇಲಿನದಕ್ಕೆ ಅರ್ಧ ರಟ್ಟು ಇಟ್ಟು ಟೇಪ್ ಅಂಟಿಸಿದೆ. ಗಾಳಿ ಬಂದರೆ ಕಿಟಕಿ ಮುಚ್ಚುತ್ತೇವಲ್ಲ, ಅಷ್ಟೇ ಯೋಚನೆ. ಉರಿ ಆರದೆ ನಿಂತಿತು. ಖುಷಿಯಲ್ಲಿ ಹೋಗಿ ಮಲಗಿದೆ.

ಇನ್ನೊಂದನ್ನು ಹೇಳಲು ನಾಚಿಕೆಯಾಗುತ್ತದೆ. ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿ ತುಂಬಿದರೆ ಕೂಗುವ ಅಲಾರಂ ನಮ್ಮ ಗಾಡಿಯಲ್ಲಿ ಇತ್ತು. ಎರಡು ದಿನದ ಹಿಂದೆ ಬ್ಯಾಟರಿ ಮುಗಿಯುತ್ತಾ ಬಂದು ಆಗಾಗ ಕಿಚ್ ಅನ್ನುತ್ತಿತ್ತು. ಕಿರಿಕಿರಿ ಅಂತ ಬ್ಯಾಟರಿ ಕಿತ್ತು ಡ್ರಾಯರಿಗೆ ಹಾಕಿದ್ದೆ. ಹೊಸದು ತರಬೇಕು ಅಂತ ನೆನಪಿತ್ತು, ತರಲಿಲ್ಲ.

ರಾತ್ರಿ ಎರಡೂವರೆಗೆ ಅವಳು ಎಬ್ಬಿಸಿದಳು. "ರೀ, ಏಳಿ. ತಲೆ ಸಿಡೀತಿದೆ, ಹೊಟ್ಟೆ ತೊಳೆಸ್ತಿದೆ."

"ಸುಸ್ತಾಗಿರುತ್ತೆ, ನೀರು ಕುಡಿದು ಮಲಗು" ಅಂದೆ. ಹೇಳುವಾಗಲೇ ನನ್ನ ತಲೆಯೂ ಕಲ್ಲಿನಂತೆ ಭಾರ. ಗ್ಯಾಸ್ ಏನಾದರೂ ಸೋರಿದೆಯಾ ಅಂತ ಮೂಸಿಯೂ ನೋಡಿದೆ. ವಾಸನೆ ಇರಲಿಲ್ಲ, ಸಮಾಧಾನವಾಯಿತು. ಎಂಥ ದಡ್ಡತನ ನೋಡಿ. ವಾಸನೆ ಬೆರೆಸಿರುವುದು ಉರಿಯದ ಗ್ಯಾಸಿಗೆ. ಅದು ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಅವಳು ಬಿಡಲಿಲ್ಲ. "ಇಬ್ಬರಿಗೂ ಒಟ್ಟಿಗೇ ಹೇಗ್ರೀ ಬರುತ್ತೆ?" ಅಂದಳು. ಆಗ ಎದ್ದೆ. ಕಾಲು ನೆಲಕ್ಕೆ ಊರಲಿಲ್ಲ. ಬಾಗಿಲು ತಳ್ಳಿ ಇಬ್ಬರೂ ಹೊರಗೆ ಬಂದು ಚಳಿಯಲ್ಲಿ ಕೂತೆವು. ಸ್ವಲ್ಪ ಹೊತ್ತಿಗೆ ತಲೆ ಹಗುರಾಯಿತು. ಒಳಗೆ ಇದ್ದರೆ ನೋವು, ಹೊರಗೆ ಬಂದರೆ ವಾಸಿ. ಅಲ್ಲಿಗೆ ಅರ್ಥವಾಯಿತು. ಸಿಲಿಂಡರಿನ ವಾಲ್ವ್ ಬಂದ್ ಮಾಡಿ, ಸಹಾಯಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೋದೆವು. ಬೆರಳಿಗೆ ಹಾಕುವ ಆಕ್ಸಿಜನ್ ಮೀಟರ್ 98 ತೋರಿಸಿತು. ಅದನ್ನು ನಂಬಿ ವಾಪಸ್ ಬರುವವನಿದ್ದೆ. ಆ ಮೀಟರಿಗೆ ರಕ್ತದಲ್ಲಿರುವ ಆಕ್ಸಿಜನ್ ಯಾವುದು, ಈ ವಿಷ ಯಾವುದು ಅಂತ ಗೊತ್ತಾಗುವುದಿಲ್ಲ ಎಂದ ಡಾಕ್ಟರ್ ರಕ್ತ ತೆಗೆಸಿ ನೋಡಿದರು. ನಂತರ ಗಂಟೆಗಟ್ಟಲೆ ಮಾಸ್ಕಿನಲ್ಲಿ ಆಕ್ಸಿಜನ್ ಕೊಟ್ಟರು.

ಮರುದಿನ ಮೆಕ್ಯಾನಿಕ್ ಬಂದು ರಟ್ಟು ಕಿತ್ತ. ಒಳಗೆಲ್ಲ ಮಸಿ. "ಒಲೆ ಹಚ್ಚಿ ಚಿಮಣಿಗೆ ಬಟ್ಟೆ ತುರುಕಿದ ಹಾಗೆ ಮಾಡಿದ್ದೀರಲ್ಲ ಸಾರ್" ಅಂದ. ಬರ್ನರ್ ಮೇಲೆ ಹೊಗೆಕೊಳವೆಯಿಂದ ಉದುರಿದ ತುಕ್ಕಿನ ಚಕ್ಕೆ, ಒಳಗೆ ಜೇಡರ ಬಲೆ. ತಿಂಗಳುಗಟ್ಟಲೆ ಹಚ್ಚದೆ ಬಿಟ್ಟ ಬರ್ನರಿನಲ್ಲಿ ಇದು ಮಾಮೂಲಂತೆ. ಹಚ್ಚಿ ತೋರಿಸಿದ, ಉರಿ ಹಳದಿಯಾಗಿ ಓಲಾಡುತ್ತಿತ್ತು. ನೀಲಿಯಾಗಿ ಅಲುಗಾಡದೆ ಉರಿಯಬೇಕಿತ್ತು. ಫ್ರಿಜ್ಜಿಗೂ ಗೋಡೆಗೂ ನಡುವಿನ ಫೋಮ್ ಪಟ್ಟಿ ಪುಡಿಯಾಗಿತ್ತು, ಹೊಗೆ ಅಲ್ಲಿಂದ ನೇರ ನಮ್ಮ ಹಾಸಿಗೆಗೆ. ಈ ಸಂದಿ ಪೂರ್ತಿ ಮುಚ್ಚಿರಬೇಕು, ಹೊರಗಿನ ಗ್ರಿಲ್ ಪೂರ್ತಿ ತೆರೆದಿರಬೇಕು. ನಮ್ಮಲ್ಲಿ ಎರಡೂ ತಿರುಗುಮುರುಗು.

ಬರ್ನರಿಗೆ ಗ್ಯಾಸ್ ಬಿಡುವ ಜೆಟ್ಟಿನ ತೂತಿಗೆ ಅವನು ಪಿನ್ನು ಚುಚ್ಚಲಿಲ್ಲ, ಆಲ್ಕೋಹಾಲಿನಲ್ಲಿ ನೆನೆಸಿ ಗಾಳಿ ಊದಿದ. ನಾನಾಗಿದ್ದರೆ ಚುಚ್ಚಿಯೇ ಬಿಡುತ್ತಿದ್ದೆ. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಗ್ಯಾಸ್ ಜಾಸ್ತಿ ಬಂದು ಉರಿ ಮತ್ತೆ ಕೆಡುತ್ತದೆ. ಜೋಡಣೆಗಳನ್ನು ಸೋಪು ನೀರು ಹಚ್ಚಿ ನೋಡಿದ, ಸೋರಿಕೆ ಇರಲಿಲ್ಲ. ಪ್ರೊಪೇನ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಡುತ್ತದೆ, ಹಾಗಾಗಿ ಮೂಗಿಗೆ ತಡವಾಗಿ ಸಿಗಬಹುದು. ಅಮೋನಿಯಾದ ಘಾಟು ಬಂದರೆ, ಹಿಂದೆ ಹಳದಿ ಪುಡಿ ಕಂಡರೆ, ಕೂಲಿಂಗ್ ಯೂನಿಟ್ ಒಡೆದಿದೆ ಅಂತ. ಮತ್ತೆ ಹಚ್ಚಲೇಬೇಡಿ ಎಂದ. ಪೆಟ್ರೋಲ್ ಬಂಕಿಗೆ ಹೋಗುವ ಮೊದಲು ಉರಿ ಆರಿಸಿರಬೇಕು ಅನ್ನುವುದನ್ನು ನನ್ನಂಥವನಿಗೂ ಬಿಡಿಸಿ ಹೇಳಿದ, ಪುಣ್ಯಾತ್ಮ.

ಹಾಗಾದರೆ ಗಾಳಿಗೆ ಏನು ಮಾಡುವುದು ಅಂತ ಕೇಳಿದೆ. ಗ್ರಿಲ್ ಇರುವ ಬದಿ ಗಾಳಿಗೆ ಮುಖ ಮಾಡದ ಹಾಗೆ ಗಾಡಿ ತಿರುಗಿಸಿ, ಆಗದಿದ್ದರೆ ಆ ರಾತ್ರಿ ಫ್ರಿಜ್ಜೇ ಆರಿಸಿ, ಬಾಗಿಲು ತೆಗೆಯದಿದ್ದರೆ ತಂಪು ಬೆಳಿಗ್ಗೆವರೆಗೆ ತಡೆಯುತ್ತದೆ ಎಂದ. ಆಮೇಲೆ ಎರಡು ಸಲ ಹಾಗೇ ಆರಿಸಿ ಮಲಗಿದ್ದೇವೆ. ಒಂದು ಸಲ ಹಾಲು ಒಡೆದಿತ್ತು.